ಸ್ಟೆಮ್ ಸೆಲ್ ಕೇಂದ್ರಕ್ಕೆ ದುಡ್ಡು ಹಾಕಬಹುದೇ?

ಬಸವೇಶ್ವರನಗರದ ಓದುಗರೊಬ್ಬರ ಪತ್ರದ ಸಾರ ಹೀಗಿದೆ: "ನಾನು ಬ್ಯಾಂಕ್ ನೌಕರಿಯಿಂದ ನಿವೃತ್ತನಾದವನು. ಪರಿಚಯದವರೊಬ್ಬರು ನಗರದಲ್ಲಿ ಸ್ಟೆಮ್ ಸೆಲ್ ಚಿಕಿತ್ಸಾ ಕೇಂದ್ರ ತೆರೆಯಲು ಪಾಲುದಾರರನ್ನು ಹುಡುಕುತ್ತಿದ್ದು, ನನ್ನಿಂದ 25 ಲಕ್ಷ ರೂಪಾಯಿ ಕೇಳಿದ್ದಾರೆ. ರೋಗಿಯ ಹೊಟ್ಟೆಯ ಕೊಬ್ಬನ್ನೋ ಅಸ್ಥಿಮಜ್ಜೆಯನ್ನೋ ತೆಗೆದು, ಅದೇ ದಿನ ಕೋಶ ಬೇರ್ಪಡಿಸಿ ಮಂಡಿಗೆ, ಬೆನ್ನಿಗೆ ಚುಚ್ಚುವುದು. ಮುಂದೆ ಸಕ್ಕರೆ ಕಾಯಿಲೆಗೂ ಮಕ್ಕಳ ಆಟಿಸಂಗೂ ಕೊಡುವುದು ಅವರ ಯೋಜನೆ. ಕೋಶ ರೋಗಿಯದೇ ಆದ್ದರಿಂದ ಔಷಧ ಲೈಸೆನ್ಸ್ ಬೇಕಿಲ್ಲ, ಒಂದೂವರೆ ವರ್ಷದಲ್ಲಿ ಬಂಡವಾಳ ವಾಪಸ್ ಎನ್ನುತ್ತಾರೆ. ಇದು ನಾಳಿನ ಚಿಕಿತ್ಸೆ ಎಂದು ನಿಮ್ಮ ಪತ್ರಿಕೆಯೂ ಬರೆದಿದೆ. ಹಾಗಿದ್ದರೆ ಮಾರುಕಟ್ಟೆಯಲ್ಲಿ ಇದರ ಔಷಧಗಳು ಬೆರಳೆಣಿಕೆಯಷ್ಟೇ ಏಕೆ? ಇನ್ನೊಂದು ಮಾತು: ಸೊಸೆ ಗರ್ಭಿಣಿ. ಹೊಕ್ಕುಳಬಳ್ಳಿ ರಕ್ತ ಕೂಡಿಡುವ ಕಂಪನಿಯವರು ಬೆನ್ನು ಬಿದ್ದಿದ್ದಾರೆ. ಏನು ಮಾಡಲಿ?"

ಸಂಪಾದಕರ ಉತ್ತರ:

ಮಾನ್ಯರೇ, ಈ ಕೇಂದ್ರಕ್ಕೆ ನಿಮ್ಮ ಹಣ ಹಾಕಬೇಡಿ. ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಬಲ್ಲ ಕಾಂಡಕೋಶ) ವೈದ್ಯದ ಮೇಲೆ ನಮಗಿರುವ ನಂಬಿಕೆ ಕಡಿಮೆಯಾಗಿಲ್ಲ. ಆದರೆ ನಿಮ್ಮ ಪರಿಚಯದವರು ಹೇಳುತ್ತಿರುವ ವ್ಯಾಪಾರ ಆ ವೈದ್ಯವಲ್ಲ. ಕೋಶ ತೆಗೆಯುವುದು ಸುಲಭ. ಇಂದು ಕೊಟ್ಟ ಡೋಸ್, ನಾಳೆ ಕೊಡುವ ಡೋಸ್ ಎರಡೂ ಒಂದೇ, ಎರಡೂ ನಿರಪಾಯ, ಎರಡೂ ಕೆಲಸ ಮಾಡುತ್ತವೆ ಎಂದು ತೋರಿಸಿಕೊಡುವುದು ಕಷ್ಟ. ಈ ಕ್ಷೇತ್ರದಲ್ಲಿ ದುಡ್ಡು, ವರ್ಷಗಳು ಎರಡೂ ಖರ್ಚಾಗುವುದು ಅಲ್ಲಿಯೇ. ಒಂದೂವರೆ ವರ್ಷದಲ್ಲಿ ಲಾಭ ಕಾಣಬೇಕಾದರೆ ಆ ಭಾಗವನ್ನೇ ಬಿಟ್ಟುಬಿಡಬೇಕು.

ಮೊದಲು ಕಾನೂನು. ಭಾರತದಲ್ಲಿ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಕಾಂಡಕೋಶದಿಂದ ತಯಾರಾದ ಉತ್ಪನ್ನ "ಹೊಸ ಔಷಧ". ಕೋಶವನ್ನು ಗಣನೀಯವಾಗಿ ಸಂಸ್ಕರಿಸಿದರೆ ಈ ನಿಯಮ ಅನ್ವಯಿಸುತ್ತದೆ, ಕೋಶ ರೋಗಿಯದೇ ಆಗಿದ್ದರೂ ವಿನಾಯಿತಿ ಇಲ್ಲ. ಬೆಳೆಸುವುದಷ್ಟೇ ಅಲ್ಲ, ಕಿಣ್ವ ಹಾಕಿ ಸಂಸ್ಕರಿಸುವುದೂ ಆ ವ್ಯಾಖ್ಯೆಯೊಳಗೆ ಬರುತ್ತದೆ. ಕೊಬ್ಬಿನಿಂದ ಕೋಶ ಬಿಡಿಸಲು ಸಾಮಾನ್ಯವಾಗಿ ಕೊಲಾಜಿನೇಸ್ ಎಂಬ ಕಿಣ್ವವನ್ನೇ ಬಳಸುತ್ತಾರೆ. "ಅದೇ ದಿನ ಕೊಡುತ್ತೇವೆ, ಆದ್ದರಿಂದ ಲೈಸೆನ್ಸ್ ಬೇಡ" ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ. ಮಜ್ಜೆಯನ್ನು ಬರಿದೇ ಸಾಂದ್ರಗೊಳಿಸಿ ಕೊಡುತ್ತೇವೆ ಎಂದರೂ ತಪ್ಪಿಸಿಕೊಳ್ಳಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯಂತೆ ರಕ್ತದ ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟು ಉಳಿದ ಬಳಕೆ ಅನುಮತಿ ಪಡೆದ ಟ್ರಯಲ್‌ನ ಒಳಗೇ ಆಗಬೇಕು. ಟ್ರಯಲ್‌ನಲ್ಲಿ ಸೇರಿದ ರೋಗಿಯಿಂದ ಚಿಕಿತ್ಸೆಗೆ ಹಣ ಕೇಳುವಂತಿಲ್ಲ, ಅವರಿಗೆ ಹಾನಿಯಾದರೆ ಪರಿಹಾರ ಪ್ರಾಯೋಜಕರ ಹೊಣೆ. ಆಟಿಸಂಗೆ ಕಾಂಡಕೋಶ ಚಿಕಿತ್ಸೆ ಶಿಫಾರಸು ಮಾಡುವಂಥದ್ದಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ಅಂದರೆ ನಿಮ್ಮ ಪಾಲುದಾರಿಕೆಯ ಆದಾಯದ ಕಾಲಂ ಇಡಿಯಾಗಿ ನಿಂತಿರುವುದು ಕಾನೂನು ಒಪ್ಪದ ವಸೂಲಿಯ ಮೇಲೆ. ಪಾಲುದಾರನಾಗಿ ಸಹಿ ಹಾಕಿದವರಿಗೂ ಆ ಹೊಣೆ ತಟ್ಟುತ್ತದೆ.

ಇನ್ನು ಲೆಕ್ಕ. ಬ್ಯಾಂಕಿನಲ್ಲಿದ್ದವರು ನೀವು, ಇದು ನಿಮಗೆ ಬೇಗ ಹಿಡಿಸುತ್ತದೆ. ಮಂಡಿ ಸವೆತಕ್ಕೆ ನಮ್ಮಲ್ಲಿ ಅನುಮತಿ ಪಡೆದ ಕೋಶ ಔಷಧದ ಒಂದು ಡೋಸ್ 2.5 ಕೋಟಿ ಮೆಸೆಂಕೈಮಲ್ ಕೋಶಗಳು (ಮೂಳೆ, ಮೃದ್ವಸ್ಥಿ, ಕೊಬ್ಬಿನ ಕೋಶಗಳಾಗಬಲ್ಲ ಕಾಂಡಕೋಶ). ಮಜ್ಜೆಯ ಒಂದು ಮಿಲಿಲೀಟರಿನಲ್ಲಿ ಕೋಶಕೇಂದ್ರವಿರುವ ಕೋಶಗಳು ಸುಮಾರು 1ರಿಂದ 2 ಕೋಟಿ. ಅವುಗಳಲ್ಲಿ ಮೆಸೆಂಕೈಮಲ್ ಕೋಶ ಹತ್ತು ಸಾವಿರಕ್ಕೊಂದು, ಕೆಲವೊಮ್ಮೆ ಲಕ್ಷಕ್ಕೊಂದು. 60 ಮಿ.ಲೀ. ಮಜ್ಜೆ ತೆಗೆದರೂ ಕೈಗೆ ಸಿಗುವುದು ಆರು ಸಾವಿರದಿಂದ ಒಂದೂಕಾಲು ಲಕ್ಷದೊಳಗೆ. ಅದನ್ನು 2.5 ಕೋಟಿಗೆ ಏರಿಸಲು ಕೋಶಗಳು 8ರಿಂದ 12 ಬಾರಿ ಇಮ್ಮಡಿಯಾಗಬೇಕು. ಒಂದು ಬಾರಿ ಇಮ್ಮಡಿಯಾಗಲು ಒಂದೂವರೆ ಎರಡು ದಿನ ಹಿಡಿಯುತ್ತದೆ, ಆರಂಭದ ತಡವೂ ಸೇರಿದರೆ ಎರಡರಿಂದ ನಾಲ್ಕು ವಾರದ ಕೆಲಸ. ಬೆಳಿಗ್ಗೆ ತೆಗೆದು ಮಧ್ಯಾಹ್ನ ಚುಚ್ಚುವ ಮಜ್ಜೆಯ ದ್ರವದಲ್ಲಿ ಈ ಸಂಖ್ಯೆ ಇರಲು ಸಾಧ್ಯವಿಲ್ಲ. ಕೊಬ್ಬಿನಲ್ಲಿ ಇಂಥ ಕೋಶಗಳ ಪಾಲು ಹೆಚ್ಚು ನಿಜ. ಆದರೆ ಅದರ ಜೊತೆ ರಕ್ತನಾಳದ ಕೋಶ, ರೋಗನಿರೋಧಕ ಕೋಶ ಎಲ್ಲ ಕಲಸಿ ಬರುತ್ತವೆ. ಯಾವುದು ಎಷ್ಟಿದೆ ಎಂಬುದು ಒಬ್ಬರಿಂದ ಒಬ್ಬರಿಗೆ ಬೇರೆ.

ಸರಿಯಾಗಿ ಮಾಡುವವರು ಏನು ಮಾಡುತ್ತಾರೆ ನೋಡಿ. ದಾನಿಯನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಇತ್ಯಾದಿಗೆ ಪರೀಕ್ಷಿಸುತ್ತಾರೆ. ಮಜ್ಜೆಯನ್ನು ಫ್ಲಾಸ್ಕ್‌ಗೆ ಹಾಕಿದರೆ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುವ ಕೋಶಗಳು ಉಳಿಯುತ್ತವೆ, ಉಳಿದದ್ದನ್ನು ತೊಳೆದು ಚೆಲ್ಲುತ್ತಾರೆ. ತಳ ಮುಕ್ಕಾಲು ಭಾಗ ತುಂಬಿದಾಗ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಬಿಡಿಸಿ ಇನ್ನಷ್ಟು ಪಾತ್ರೆಗಳಿಗೆ ಹಂಚುತ್ತಾರೆ. 175 ಚದರ ಸೆಂಟಿಮೀಟರಿನ ಒಂದು ಫ್ಲಾಸ್ಕ್ ಕೊಡುವುದು 20ರಿಂದ 35 ಲಕ್ಷ ಕೋಶ. ಒಬ್ಬ ರೋಗಿಯ ಒಂದು ಮಂಡಿಗೇ ಹತ್ತು ಫ್ಲಾಸ್ಕ್ ಆಯಿತು. ಹತ್ತು ಅಂತಸ್ತಿನ, ಸುಮಾರು 6,300 ಚದರ ಸೆಂಟಿಮೀಟರಿನ ಪೆಟ್ಟಿಗೆಗಳಿವೆ. ಅದಕ್ಕೂ ಮೇಲೆ, ಕೋಶಗಳನ್ನು ದ್ರವದಲ್ಲಿ ಕಲಕುತ್ತಾ ಬೆಳೆಸುವ ಬಯೋರಿಯಾಕ್ಟರ್ ಎಂಬ ತೊಟ್ಟಿ ಇದೆ. ಅದರಲ್ಲಿ ಕಲಕುವ ರಭಸ ಹೆಚ್ಚಾದರೆ ಕೋಶ ಹರಿದುಹೋಗುತ್ತದೆ, ಕಡಿಮೆಯಾದರೆ ಗಂಟುಕಟ್ಟಿ ಒಳಗಿನವು ಸಾಯುತ್ತವೆ.

ಇಲ್ಲಿ ಕೆಡುವ ಸಂಗತಿಗಳು ಹಲವು. ಹೆಚ್ಚು ಬಾರಿ ಹಂಚಿ ಬೆಳೆಸಿದ ಕೋಶಕ್ಕೆ ಮುಪ್ಪು ಬರುತ್ತದೆ: ಅಗಲವಾಗುತ್ತದೆ, ವಿಭಜನೆ ನಿಲ್ಲುತ್ತದೆ, ಸ್ರವಿಸಬೇಕಾದ್ದನ್ನು ಸ್ರವಿಸುವುದಿಲ್ಲ. ಆದ್ದರಿಂದ ರೈತರು ಬಿತ್ತನೆ ಬೀಜವನ್ನು ಬೇರೆ ಎತ್ತಿಡುವಂತೆ, ಎಳೆಯ ಹಂತದ ಕೋಶಗಳನ್ನು ಮಾಸ್ಟರ್ ಬ್ಯಾಂಕ್ ಎಂದು ಹೆಪ್ಪುಗಟ್ಟಿಸಿಟ್ಟು, ಅದರಿಂದ ವರ್ಕಿಂಗ್ ಬ್ಯಾಂಕ್, ಅದರಿಂದ ಡೋಸ್ ತಯಾರಿಸುತ್ತಾರೆ. ಬೆಳೆಸುವ ದ್ರವಕ್ಕೆ ಹಾಕುವ ಕರುವಿನ ಭ್ರೂಣದ ಸೀರಮ್ ಲಾಟ್‌ನಿಂದ ಲಾಟ್‌ಗೆ ಬದಲಾಗುತ್ತದೆ. ಲಾಟ್ ಬದಲಾಯಿತೆಂದರೆ ಕೋಶದ ನಡತೆಯೂ ಬದಲಾಗಬಹುದು, ಮತ್ತೆ ಹೋಲಿಕೆ ಪರೀಕ್ಷೆ ಮಾಡಬೇಕು. ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ಹೊಕ್ಕರೆ ದ್ರವ ಕದಡುವುದೂ ಇಲ್ಲ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಮಾಮೂಲಿ ಇಂಜೆಕ್ಷನ್ ಔಷಧವನ್ನು ಕೊನೆಗೆ ಸೂಕ್ಷ್ಮ ಜಾಲರಿಯಲ್ಲಿ ಸೋಸಿಯೋ ಕಾಯಿಸಿಯೋ ಕ್ರಿಮಿರಹಿತ ಮಾಡಬಹುದು. ಜೀವಂತ ಕೋಶಕ್ಕೆ ಅದು ಆಗದು. ಮೊದಲ ದಿನದಿಂದ ಕೊನೆಯ ದಿನದವರೆಗೂ ಶುದ್ಧ ಕೋಣೆಯಲ್ಲೇ ಕೆಲಸ ನಡೆಯಬೇಕು. ಒಂದೇ ಒಂದು ಕೈತಪ್ಪು ಇಡೀ ಬ್ಯಾಚನ್ನು ಚೆಲ್ಲಿಸುತ್ತದೆ.

ಕ್ರಿಮಿಪರೀಕ್ಷೆಯ ಅಧಿಕೃತ ವಿಧಾನಕ್ಕೆ 14 ದಿನ ಬೇಕು. ಹೆಪ್ಪುಗಟ್ಟಿಸದ ಕೋಶ ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ಹೆಪ್ಪುಗಟ್ಟುವಾಗ ಕೋಶವನ್ನು ಕಾಪಾಡುವ ಡಿಎಂಎಸ್‌ಒ ಎಂಬ ರಾಸಾಯನಿಕವನ್ನು ಶೇ 10ರಷ್ಟು ಸೇರಿಸಿ, ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ತಣಿಸಿ, ದ್ರವ ಸಾರಜನಕದ ಆವಿಯಲ್ಲಿ ಮೈನಸ್ 150 ಡಿಗ್ರಿಗಿಂತ ಕೆಳಗೆ ಇಡುತ್ತಾರೆ. ಬೇಗ ತಣಿಸಿದರೆ ಕೋಶದೊಳಗೆ ಮಂಜಿನ ಹರಳು ಕಟ್ಟಿ ಪೊರೆ ಒಡೆಯುತ್ತದೆ, ನಿಧಾನವಾದರೆ ಕೋಶ ನೀರು ಕಳೆದುಕೊಂಡು ಮುರುಟುತ್ತದೆ. ಆಸ್ಪತ್ರೆಗೆ ಸಾಗಿಸಲು ಡ್ರೈ ಶಿಪ್ಪರ್ ಎಂಬ, ಅತಿಶೀತ ಕಾಯ್ದಿಡುವ ಪೀಪಾಯಿ ಬೇಕು. ಅಲ್ಲಿ 37 ಡಿಗ್ರಿ ನೀರಿನಲ್ಲಿ ಎರಡು ಮೂರು ನಿಮಿಷದಲ್ಲಿ ಕರಗಿಸಿ, ತಡಮಾಡದೆ ಕೊಡಬೇಕು. ಕರಗಿಸಿದ ಬಾಟಲಿಯನ್ನು ಟ್ರೇನಲ್ಲಿಟ್ಟು ವೈದ್ಯರಿಗಾಗಿ ಕಾದರೆ ಕೋಶ ಸಾಯುತ್ತಾ ಹೋಗುತ್ತದೆ. ಬದುಕಿರುವ ಕೋಶ ಸಾಮಾನ್ಯವಾಗಿ ಶೇ 70ಕ್ಕಿಂತ ಕೆಳಗಿಳಿದರೆ ಆ ಡೋಸ್ ಬಳಸುವಂತಿಲ್ಲ. ಕಾರ್ಖಾನೆಯಲ್ಲಿ ಪಟ್ಟ ಶ್ರಮವೆಲ್ಲ ವಾರ್ಡಿನ ಕೊನೆಯ ಅರ್ಧ ಗಂಟೆಯಲ್ಲಿ ಹಾಳಾಗುವುದು ಹೀಗೆ.

ಎಲ್ಲಕ್ಕಿಂತ ಕಠಿಣವಾದದ್ದು ಸಾಮರ್ಥ್ಯದ ಪರೀಕ್ಷೆ. ಮಾತ್ರೆಯಲ್ಲಿ ಇಷ್ಟು ಮಿಲಿಗ್ರಾಂ ಎಂದರೆ ಮುಗಿಯಿತು. ಕೋಶ ದೇಹದಲ್ಲಿ ಯಾವ ಕೆಲಸದಿಂದ ಗುಣ ಕೊಡುತ್ತದೆ ಎಂಬುದು ಪೂರ್ತಿ ಸ್ಪಷ್ಟವಿಲ್ಲದಾಗ, ಬ್ಯಾಚಿನಲ್ಲಿ ಯಾವುದನ್ನು ಅಳೆಯಬೇಕು? ಮೆಸೋಬ್ಲಾಸ್ಟ್ ಕಂಪನಿಯ ರಯಾನ್ಸಿಲ್ ಎಂಬ ಕೋಶ ಔಷಧವನ್ನು ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2020ರಲ್ಲಿ, ಮತ್ತೆ 2023ರಲ್ಲಿ ವಾಪಸ್ ಕಳಿಸಿತು. ಈ ಪ್ರಶ್ನೆಯೂ ಅದಕ್ಕೊಂದು ಕಾರಣ. ಕಸಿಯ ನಂತರ ದಾನಿಯ ಕೋಶಗಳು ಮಕ್ಕಳ ದೇಹದ ಮೇಲೆ ತಿರುಗಿಬೀಳುವ, ಸ್ಟೆರಾಯ್ಡ್‌ಗೂ ಬಗ್ಗದ ಕಾಯಿಲೆಗೆ ಅದು ಒಪ್ಪಿಗೆ ಪಡೆದದ್ದು 2024ರ ಡಿಸೆಂಬರ್‌ನಲ್ಲಿ. ಒಂದು ಇನ್‌ಫ್ಯೂಷನ್ನಿನ ಪಟ್ಟಿ ಬೆಲೆ 1,94,000 ಡಾಲರ್. ವಾರಕ್ಕೆ ಎರಡರಂತೆ ನಾಲ್ಕು ವಾರ ಕೊಡಬೇಕು.

ಒಪ್ಪಿಗೆ ಸಿಕ್ಕ ಮೇಲೂ ನೆಲ ಗಟ್ಟಿಯಲ್ಲ. ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಯಲ್ಲಿ ಗುದದ ಬಳಿ ಆಗುವ ಕೊಳವೆಯಂಥ ಹುಣ್ಣಿಗೆ (ಫಿಸ್ಟುಲಾ) ಯುರೋಪಿನಲ್ಲಿ 2018ರಲ್ಲಿ ಅನುಮತಿ ಪಡೆದ ಅಲೋಫಿಸೆಲ್, ಮುಂದಿನ ದೊಡ್ಡ ಟ್ರಯಲ್‌ನಲ್ಲಿ ಗುರಿ ಮುಟ್ಟದೆ 2024ರಲ್ಲಿ ಮಾರುಕಟ್ಟೆ ಬಿಟ್ಟಿತು. ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತಹೀನತೆಗೆ ರೋಗಿಯ ರಕ್ತ ಕಾಂಡಕೋಶವನ್ನೇ ತಿದ್ದಿ ಕೊಡುವ ಜಿಂಟೆಗ್ಲೋ ಚೆನ್ನಾಗಿಯೇ ಕೆಲಸ ಮಾಡಿದರೂ, ಬೆಲೆಯ ಮಾತುಕತೆ ಮುರಿದು 2021ರಲ್ಲಿ ಜರ್ಮನಿಯಿಂದ ಹೊರನಡೆಯಿತು. ಬೆನ್ನುಹುರಿ ಪೆಟ್ಟಿಗೆ ಭ್ರೂಣ ಕಾಂಡಕೋಶದ ಮೊದಲ ಟ್ರಯಲ್ ಆರಂಭಿಸಿದ್ದ ಜೆರಾನ್ ಕಂಪನಿ ಒಂದೇ ವರ್ಷದಲ್ಲಿ, 2011ರಲ್ಲಿ, ಹಣಕಾಸಿನ ಕಾರಣ ಕೊಟ್ಟು ಕೈಬಿಟ್ಟಿತು. ನೀವು ಕೇಳಿದ "ಬೆರಳೆಣಿಕೆಯಷ್ಟೇ ಏಕೆ" ಎಂಬ ಪ್ರಶ್ನೆಗೆ ಉತ್ತರ ಈ ಮೂರರಲ್ಲೂ ಇದೆ: ಒಂದರಲ್ಲಿ ಗುಣ ಸಾಬೀತಾಗಲಿಲ್ಲ, ಇನ್ನೊಂದರಲ್ಲಿ ಕೊಳ್ಳುವವರು ಬೆಲೆ ಒಪ್ಪಲಿಲ್ಲ, ಮತ್ತೊಂದರಲ್ಲಿ ಫಲ ಬರುವವರೆಗೆ ಬಂಡವಾಳ ತಾಳಲಿಲ್ಲ.

ನಮ್ಮ ಊರಿನ ಉದಾಹರಣೆಯೇ ಬೇಕೆಂದರೆ ಸ್ಟೆಂಪ್ಯೂಟಿಕ್ಸ್ ಇದೆ. 2006ರಲ್ಲಿ ಮಣಿಪಾಲ್ ಸಮೂಹದಿಂದ ಶುರುವಾದ ಈ ಬೆಂಗಳೂರು ಕಂಪನಿ ಹಲವು ದಾನಿಗಳ ಮಜ್ಜೆಯ ಕೋಶ ಸೇರಿಸಿ ಸ್ಟೆಂಪ್ಯೂಸೆಲ್ ತಯಾರಿಸಿತು. ಕೈಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಬರ್ಜರ್ ಕಾಯಿಲೆಗೆ ಸೀಮಿತ ಅನುಮತಿ ಸಿಕ್ಕಿದ್ದು 2016ರಲ್ಲಿ, ಕಾಲಿಗೆ ರಕ್ತ ಹರಿಯದ ಗಂಭೀರ ಸ್ಥಿತಿಗೆ ಪೂರ್ಣ ಅನುಮತಿ 2020ರಲ್ಲಿ, ಮಂಡಿ ಸವೆತಕ್ಕೆ 2022ರಲ್ಲಿ. ನಡುವೆ ಸಿಪ್ಲಾದಂಥ ದೊಡ್ಡ ಕಂಪನಿಯ ಹಣವೂ ಬಂತು. ಮೊದಲ ಸೀಮಿತ ಅನುಮತಿಗೇ ಹತ್ತು ವರ್ಷ. ನಿಮ್ಮ 25 ಲಕ್ಷ ಇಂಥ ದಾರಿಯಲ್ಲಿ ಕೆಲವು ಬ್ಯಾಚ್‌ಗಳ ಪರೀಕ್ಷೆಗೆ ಸಾಲಬಹುದು.

ಅಡ್ಡದಾರಿಯ ಬೆಲೆಯನ್ನು ರೋಗಿಗಳು ತೆತ್ತಿದ್ದಾರೆ. ಫ್ಲಾರಿಡಾದ ಒಂದು ಕ್ಲಿನಿಕ್ಕಿನಲ್ಲಿ ಕಣ್ಣಿನ ಅಕ್ಷಿಪಟಲದ ಸವೆತವಿದ್ದ ಮೂವರು ಮಹಿಳೆಯರಿಗೆ ಅವರದೇ ಕೊಬ್ಬಿನ ಕೋಶವನ್ನು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಲಾಯಿತು. ಮೂವರ ದೃಷ್ಟಿಯೂ ಬಹುಮಟ್ಟಿಗೆ ಹೋಯಿತು. ತಲಾ 5,000 ಡಾಲರ್ ಕಟ್ಟಿಸಿಕೊಂಡಿದ್ದರು. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅದು ವರದಿಯಾಯಿತು. ಕೋಶ "ರೋಗಿಯದೇ" ಆಗಿದ್ದು ಅವರನ್ನು ಕಾಪಾಡಲಿಲ್ಲ.

ಸಕ್ಕರೆ ಕಾಯಿಲೆಯ ಮಾತು ಬಂದದ್ದರಿಂದ ಹೇಳುತ್ತೇವೆ, ಅಲ್ಲಿ ನಿಜವಾದ ಆಸೆ ಹುಟ್ಟಿದೆ. ಕಾಂಡಕೋಶದಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಇನ್ಸುಲಿನ್ ಕೋಶಗಳನ್ನು ಯಕೃತ್ತಿನ ರಕ್ತನಾಳಕ್ಕೆ ಬಿಟ್ಟ, ವರ್ಟೆಕ್ಸ್ ಕಂಪನಿಯ ಟ್ರಯಲ್‌ನ ಫಲಿತಾಂಶ 2025ರಲ್ಲಿ ಬಂತು. ಪೂರ್ಣ ಡೋಸ್ ಪಡೆದ 12 ಮಂದಿ ಟೈಪ್ 1 ರೋಗಿಗಳಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚುಮದ್ದು ಬೇಕಿರಲಿಲ್ಲ. ಆದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಲೇ ಇರಬೇಕು. ಕೊಬ್ಬಿನ ಕೋಶ ಚುಚ್ಚುವುದಕ್ಕೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ.

ಬೆಂಗಳೂರಿನಲ್ಲಿ ಇದರ ಸುತ್ತ ಗಟ್ಟಿ ಕೆಲಸಕ್ಕೆ ಬರವಿಲ್ಲ. ಬಳ್ಳಾರಿ ರಸ್ತೆಯ ಕಾಂಡಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್ ಇದೆ, ಒಣ ಮಾದರಿಯ ಅಕ್ಷಿಪಟಲ ಸವೆತಕ್ಕೆ ಕೋಶ ತಯಾರಿಸಿ ಟ್ರಯಲ್ ಹಂತ ಮುಟ್ಟಿದ ಐಸ್ಟೆಮ್ ಕಂಪನಿ ಇದೆ, ರಕ್ತ ಕಾಂಡಕೋಶ ದಾನಿಗಳ ನೋಂದಣಿ ನಡೆಸುವ ಡಿಕೆಎಂಎಸ್ ಫೌಂಡೇಶನ್ ಇದೆ. ಸಣ್ಣ ಬಂಡವಾಳಕ್ಕೆ ಹೊಂದುವುದು ಔಷಧಕ್ಕಿಂತ ಅದರ ಪೂರೈಕೆ ಎಂಬುದು ನಮ್ಮ ಅಭಿಪ್ರಾಯ: ಅತಿಶೀತ ಸಾಗಣೆ, ಶುದ್ಧ ಕೋಣೆಯ ನಿರ್ವಹಣೆ, ಮೈಕೋಪ್ಲಾಸ್ಮಾ ಮತ್ತು ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆ. ಯಾವ ಔಷಧ ಗೆದ್ದರೂ ಸೋತರೂ ಇವು ಬೇಕೇ ಬೇಕು. ಅಲ್ಲೂ ನಿವೃತ್ತಿಯ ಹಣದ ಸಣ್ಣ ಪಾಲಷ್ಟೇ ಇರಲಿ.

ಪರಿಚಯದವರಿಗೆ ಮುಖ ಮುರಿದು ಹೇಳುವುದು ಕಷ್ಟವೆನಿಸಿದರೆ ನಾಲ್ಕು ಕಾಗದ ಕೇಳಿ. ಕೇಂದ್ರೀಯ ಔಷಧ ನಿಯಂತ್ರಕರ ಅನುಮತಿ ಪತ್ರ, ಅದರಲ್ಲಿ ಯಾವ ಕಾಯಿಲೆಗೆ ಎಂದು ಬರೆದಿರಬೇಕು. ದೇಶದ ಟ್ರಯಲ್‌ಗಳನ್ನು ದಾಖಲಿಸುವ ಸಿಟಿಆರ್‌ಐ ತಾಣದ ನೋಂದಣಿ ಸಂಖ್ಯೆ, ಅದನ್ನು ಅಲ್ಲಿ ನೀವೇ ಹಾಕಿ ನೋಡಬಹುದು. ಕಾಂಡಕೋಶ ಸಂಶೋಧನೆಯ ಸಾಂಸ್ಥಿಕ ಸಮಿತಿಯ ಒಪ್ಪಿಗೆ. ಯಾವುದಾದರೂ ಒಂದು ಬ್ಯಾಚಿನ ಬಿಡುಗಡೆ ಪ್ರಮಾಣಪತ್ರ. ವಿಮೆಯನ್ನೂ ವಿಚಾರಿಸಿ: ವಿಮಾ ಪ್ರಾಧಿಕಾರದ 2019ರ ಮಾರ್ಗಸೂಚಿಯ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಕಾಂಡಕೋಶ ಚಿಕಿತ್ಸೆ ಇದ್ದದ್ದು ರಕ್ತದ ಕಾಯಿಲೆಗಳ ಮಜ್ಜೆ ಕಸಿಗೆ ಮಾತ್ರ. ಮಂಡಿಗೆ, ಬೆನ್ನಿಗೆ ಬರುವ ರೋಗಿ ಪೂರ್ತಿ ಕೈಯಿಂದಲೇ ಕಟ್ಟಬೇಕಾಗಬಹುದು.

ಕೊನೆಗೆ ಸೊಸೆಯ ವಿಷಯ. ಖಾಸಗಿಯಾಗಿ ಹೊಕ್ಕುಳಬಳ್ಳಿ ರಕ್ತ ಕೂಡಿಡುವುದನ್ನು ಐಸಿಎಂಆರ್ ಶಿಫಾರಸು ಮಾಡುವುದಿಲ್ಲ. ಮಗುವಿಗೆ ಥಲಸ್ಸೀಮಿಯಾದಂಥ ಆನುವಂಶಿಕ ದೋಷವಿದ್ದರೆ ಅದೇ ದೋಷ ಕೂಡಿಟ್ಟ ರಕ್ತದಲ್ಲೂ ಇರುತ್ತದೆ. ಒಂದು ಚೀಲದ ಕೋಶ ಬೆಳೆದ ದೇಹಕ್ಕೆ ಬಹುಮಟ್ಟಿಗೆ ಸಾಲದು. ಸಂಗ್ರಹವೂ ದೋಷಮುಕ್ತವಲ್ಲ: ಸಿಂಗಪುರದ ಒಂದು ಬ್ಯಾಂಕಿನಲ್ಲಿ ತೊಟ್ಟಿಯ ಉಷ್ಣತೆ ಏರಿ ಸುಮಾರು 2,200 ಘಟಕಗಳು ಹಾಳಾದದ್ದು 2023ರಲ್ಲಿ ಬೆಳಕಿಗೆ ಬಂತು. ಮನೆಯಲ್ಲಿ ಈಗಾಗಲೇ ಥಲಸ್ಸೀಮಿಯಾ ಅಥವಾ ರಕ್ತ ಕ್ಯಾನ್ಸರಿನ ಮಗುವಿದ್ದರೆ ಮಾತು ಬೇರೆ. ಆಗ ಹುಟ್ಟುವ ತಮ್ಮ ಅಥವಾ ತಂಗಿಯ ಬಳ್ಳಿರಕ್ತ ಆ ಮಗುವಿಗೆ ಹೊಂದಿಕೆಯಾಗಬಹುದು, ಹೆರಿಗೆಗೆ ಮೊದಲೇ ಮಜ್ಜೆ ಕಸಿ ತಜ್ಞರನ್ನು ಕಾಣಬೇಕು. ಅಂಥದ್ದೇನೂ ಇಲ್ಲದಿದ್ದರೆ, ಮಗು ಹುಟ್ಟಿದ ಮೇಲೆ ಕನಿಷ್ಠ ಒಂದು ನಿಮಿಷ ಬಿಟ್ಟು ಬಳ್ಳಿ ಕತ್ತರಿಸಲು ಹೆರಿಗೆ ವೈದ್ಯರಿಗೆ ಹೇಳಿ. ಆ ರಕ್ತ ಮಗುವಿನ ಮೈಸೇರಿ ಮೊದಲ ತಿಂಗಳುಗಳ ಕಬ್ಬಿಣದ ಕೊರತೆ ತಗ್ಗಿಸುತ್ತದೆ.