ಪ್ರತಿಕ್ರಿಯೆ: ಮರಗೆಲಸದ ಶೆಡ್ಡಿನಲ್ಲಿ ಏಳುವ ಬಣ್ಣದ ಹುಡಿ

ಮಾನ್ಯರೇ, ಬದಿಯಡ್ಕದ ನಿಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಹಲಸಿನ ಮರದ ಕಪಾಟಿಗೆ ಎನ್‌ಸಿ ಲ್ಯಾಕರ್ (ನೈಟ್ರೋಸೆಲ್ಯುಲೋಸ್‌ನಿಂದ ಮಾಡಿದ, ಬೇಗ ಒಣಗುವ ಮರದ ಲೇಪ) ಸ್ಪ್ರೇ ಮಾಡುವಾಗ ಬಿಳಿ ಹುಡಿ ಎದ್ದು ಯಂತ್ರಗಳ ಮೇಲೆಲ್ಲ ಕೂರುತ್ತದೆ, ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಅಡುಗೆಮನೆಯ ಫ್ಯಾನ್ ಖಂಡಿತ ಬೇಡ. ಲ್ಯಾಕರನ್ನು ತೆಳುಮಾಡುವ ತಿನ್ನರಿನ ಆವಿ ಅದರ ಮೋಟಾರನ್ನು ದಾಟಿ ಹೋಗುವಾಗ ಒಂದು ಕಿಡಿ ಹಾರಿದರೂ ಬೆಂಕಿ ಹೊತ್ತಿಕೊಳ್ಳಬಹುದು.

ಅದರ ಬದಲು, ಹೊರಗಿನ ಶುದ್ಧ ಗಾಳಿಯನ್ನು ಫಿಲ್ಟರಿನ ಮೂಲಕ ಒಳಕ್ಕೆ ತಳ್ಳುವಂತೆ ಫ್ಯಾನನ್ನು ಕೂರಿಸಿ, ಎದುರು ಗೋಡೆಯಲ್ಲಿ ಅದಕ್ಕಿಂತ ದೊಡ್ಡ ತೆರಪು ಬಿಟ್ಟು ಅಲ್ಲಿಗೂ ಫಿಲ್ಟರ್ ಹಚ್ಚಿದರೆ, ಮೋಟಾರು ಆವಿಯ ದಾರಿಗೆ ಸಿಗುವುದಿಲ್ಲ, ಹುಡಿಯೂ ಬಹುಮಟ್ಟಿಗೆ ಅಲ್ಲೇ ಉಳಿಯುತ್ತದೆ. ಕಪಾಟನ್ನು ಆ ತೆರಪಿನ ಹತ್ತಿರ ಇಡಿ. ಸಾರಣೆ ಮಾಡದ ಮುರಕಲ್ಲಿನ ಗೋಡೆಯಾದರೆ ಅದರ ಕೆಂಪು ಹುಡಿಯೂ ಬಣ್ಣಕ್ಕೆ ಅಂಟುತ್ತದೆ, ಪ್ಲಾಸ್ಟಿಕ್ ಹಾಳೆ ಕಟ್ಟಿ.

ಯಂತ್ರದ ಮೇಲಿನ ಹುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ: ಅಂಟದೆ ಮೈದಾದಂತೆ ಉದುರಿದರೆ ಅದು ಗಾಳಿಯಲ್ಲೇ ಒಣಗಿದ ಲ್ಯಾಕರ್, ಅಂದರೆ ಸ್ಪ್ರೇ ಗನ್ ಕಪಾಟಿನಿಂದ ದೂರವಾಗಿದೆ ಅಥವಾ ಗಾಳಿಯ ಒತ್ತಡ ಹೆಚ್ಚಾಗಿದೆ. 15ರಿಂದ 20 ಸೆಂಟಿಮೀಟರ್ ಅಂತರದಲ್ಲಿ ಹಿಡಿದು, ಒತ್ತಡ ಇಳಿಸಿದರೆ ಹುಡಿ ಕಡಿಮೆಯಾಗುತ್ತದೆ. ನನ್ನ ಮಟ್ಟಿಗೆ ಫ್ಯಾನಿಗಿಂತ ಮೊದಲು ಮಾಡಬೇಕಾದ ಕೆಲಸವಿದು.

ಈ ಹುಡಿ ಸುಲಭವಾಗಿ ಉರಿಯುವಂಥದ್ದಾದ್ದರಿಂದ ಮರದ ಹುಡಿ ಎಳೆಯುವ ಯಂತ್ರಕ್ಕೆ ಇದನ್ನು ಎಳೆಸಬೇಡಿ. ನೀರು ಚಿಮುಕಿಸಿ ಗುಡಿಸಿ, ಹಳೆಯ ಫಿಲ್ಟರನ್ನು ನೀರಲ್ಲಿ ನೆನೆಸಿಯೇ ಎಸೆಯಿರಿ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಆವಿಯನ್ನು ಹೀರುವ ಕಾರ್ಟ್ರಿಡ್ಜ್ (ಬದಲಿಸಬಹುದಾದ ಫಿಲ್ಟರ್ ಡಬ್ಬಿ) ಇರುವ ಮಾಸ್ಕೇ ಬೇಕು.