ಲಿಸ್ಟ್ ಬರೆದಾಗ ಮಾತ್ರ ಜೇಸನ್‌ನಲ್ಲಿ ಟೈಪ್ ಯಾಕೆ ಬರುವುದಿಲ್ಲ?

ಜಾವಾ ಆಬ್ಜೆಕ್ಟ್‌ಗಳನ್ನು ಜೇಸನ್ (JSON) ಪಠ್ಯವಾಗಿ ಬರೆಯಲು ನೀವು ಜಾಕ್ಸನ್ ಲೈಬ್ರರಿ ಬಳಸುತ್ತಿದ್ದೀರಿ. ನಿಮ್ಮ ಶೇಪ್ ಕ್ಲಾಸ್ ಮೇಲೆ, ಆಬ್ಜೆಕ್ಟ್ ಯಾವ ಕ್ಲಾಸ್‌ನದು ಅನ್ನುವ 'ಟೈಪ್' ಕೂಡ ಬರೆಯಲು ಹೇಳುವ ಜೇಸನ್‌ಟೈಪ್‌ಇನ್ಫೋ ಅನೊಟೇಶನ್ ಇದೆ. ಒಂದು ಸರ್ಕಲ್ ಆಬ್ಜೆಕ್ಟ್ ಬರೆದರೆ ಟೈಪ್ ಬರುತ್ತದೆ, ಶೇಪ್‌ಗಳ ಲಿಸ್ಟ್ ಬರೆದರೆ ಬರುವುದಿಲ್ಲ ಅಂದಿದ್ದೀರಿ. ಅನೊಟೇಶನ್ ಸರಿಯಾಗಿಯೇ ಇದೆ, ಈ ತೊಂದರೆಗಾಗಿ ಅದನ್ನು ಮುಟ್ಟಬೇಡಿ.

ಇದಕ್ಕೆ ಕಾರಣ ಜಾವಾದ ಟೈಪ್ ಇರೇಷರ್. ಕೋಡ್‌ನಲ್ಲಿ ನೀವು 'ಶೇಪ್‌ಗಳ ಲಿಸ್ಟ್' ಅಂತ ಬರೆದಿದ್ದರೂ, ಓಡುವಾಗ ಜಾಕ್ಸನ್ ಕೈಗೆ ಸಿಗುವುದು ಬರೀ ಅರೇಲಿಸ್ಟ್. ಒಳಗಿರುವುದು ಶೇಪ್ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಟೈಪ್ ಬಿಟ್ಟು ಬರೆಯುತ್ತದೆ. ನಾನೂ ಮೊದಲ ಸಲ ಅರ್ಧ ದಿನ ಅನೊಟೇಶನ್‌ನಲ್ಲೇ ತಪ್ಪು ಹುಡುಕಿದ್ದೆ.

ಮ್ಯಾಪರ್ (ಜೇಸನ್ ಬರೆಯುವ, ಓದುವ ಜಾಕ್ಸನ್ ಆಬ್ಜೆಕ್ಟ್) ಮೇಲೆ ರೈಟರ್‌ಫಾರ್ ಕರೆದು, ಟೈಪ್‌ರೆಫರೆನ್ಸ್ ಮೂಲಕ 'ಇದು ಶೇಪ್‌ಗಳ ಲಿಸ್ಟ್' ಅಂತ ತಿಳಿಸಿ. ಆಮೇಲೆ ಬರೆಸಿದರೆ ಟೈಪ್ ಬರುತ್ತದೆ. ಲಿಸ್ಟನ್ನು ಇನ್ನೊಂದು ಕ್ಲಾಸ್‌ನ ಫೀಲ್ಡ್ ಮಾಡಿದರೂ ಆಗುತ್ತದೆ, ಯಾಕೆಂದರೆ ಫೀಲ್ಡ್‌ನ ಡಿಕ್ಲರೇಶನ್ ಕ್ಲಾಸ್ ಫೈಲ್‌ನಲ್ಲಿ ಉಳಿದಿರುತ್ತದೆ. ಶೇಪ್‌ಗಳ ಅರೇ ಆದರೆ ಈ ತೊಂದರೆಯೇ ಇಲ್ಲ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ನಿಮ್ಮ ಔಟ್‌ಪುಟ್‌ನಲ್ಲಿ ಪ್ಯಾಕೇಜ್ ಸಮೇತ ಪೂರ್ತಿ ಕ್ಲಾಸ್ ಹೆಸರು ಕಾಣುತ್ತಿದೆ. ಅಂದರೆ ಅನೊಟೇಶನ್‌ನಲ್ಲಿ, ಟೈಪನ್ನು ಯಾವ ರೂಪದಲ್ಲಿ ಬರೆಯಬೇಕು ಅಂತ ಹೇಳುವ ಐಡಿಯನ್ನು 'ಕ್ಲಾಸ್' ಅಂತ ಇಟ್ಟಿದ್ದೀರಿ, ಅಲ್ವಾ? ಅದನ್ನು 'ನೇಮ್' ಮಾಡಿ, ಜೇಸನ್‌ಸಬ್‌ಟೈಪ್ಸ್‌ನಲ್ಲಿ ಪ್ರತಿ ಸಬ್‌ಕ್ಲಾಸ್‌ಗೂ ನೀವೇ ಒಂದು ಚಿಕ್ಕ ಹೆಸರು ಕೊಡಿ. ನಾಳೆ ಪ್ಯಾಕೇಜ್ ಬದಲಾದರೆ, ಈಗಿನ ರೀತಿಯಲ್ಲಿ ಡೇಟಾಬೇಸ್‌ನಲ್ಲಿರುವ ಹಳೆಯ ಜೇಸನ್ ಯಾವುದೂ ಓದಲು ಬರುವುದಿಲ್ಲ.

ಎಲ್ಲಾ ಕಡೆ ತಾನಾಗಿಯೇ ಟೈಪ್ ಬರಲಿ ಅಂತ ಎನೇಬಲ್‌ಡಿಫಾಲ್ಟ್‌ಟೈಪಿಂಗ್ ಮಾತ್ರ ಹಾಕಬೇಡಿ. ಹೊರಗಿನಿಂದ ಬಂದ ಜೇಸನ್ ಯಾವ ಕ್ಲಾಸ್ ಸೃಷ್ಟಿಯಾಗಬೇಕು ಅಂತ ತಾನೇ ಹೇಳುವ ಹಾಗಾಗುತ್ತದೆ. ಇದರಿಂದಲೇ 2017ರಲ್ಲಿ ಜಾಕ್ಸನ್‌ನಲ್ಲಿ ದೊಡ್ಡ ಭದ್ರತಾ ದೋಷ ದಾಖಲಾಯಿತು. ಜಾಕ್ಸನ್ 2.10ರಿಂದ ಆ ಮೆಥಡ್ ಡೆಪ್ರಿಕೇಟ್ ಆಗಿದೆ, ಅಂದರೆ ಇನ್ನು ಬಳಸಬೇಡಿ ಅಂತ ಗುರುತು ಹಾಕಲಾಗಿದೆ. ಅದರ ಬದಲು ಬಂದಿರುವ ಆಕ್ಟಿವೇಟ್‌ಡಿಫಾಲ್ಟ್‌ಟೈಪಿಂಗ್, ಯಾವ ಕ್ಲಾಸ್‌ಗಳಿಗೆ ಅನುಮತಿ ಅಂತ ಹೇಳುವ ವ್ಯಾಲಿಡೇಟರ್ ಕೇಳುತ್ತದೆ. ನಿಮಗಿರುವ ಎರಡು ಮೂರು ಸಬ್‌ಕ್ಲಾಸ್‌ಗಳಿಗೆ ಅದೂ ಬೇಕಾಗಿಲ್ಲ.

ಕೊನೆಯಲ್ಲಿ ಕೇಳಿದ್ದಕ್ಕೆ: ಒಂದು ಕ್ಲೈಂಟ್‌ಗೆ ಮಾತ್ರ ಟೈಪ್ ಬೇಡವಾದರೆ, ಅದಕ್ಕೆ ಬೇರೆ ಮ್ಯಾಪರ್ ಮಾಡಿ. ಐಡಿ 'ನನ್' ಅಂತಿರುವ ಜೇಸನ್‌ಟೈಪ್‌ಇನ್ಫೋವನ್ನು ಒಂದು ಖಾಲಿ ಇಂಟರ್‌ಫೇಸ್ ಮೇಲೆ ಹಾಕಿ, ಅದನ್ನು ಶೇಪ್‌ಗೆ ಮಿಕ್ಸಿನ್ (ಕ್ಲಾಸ್ ಮುಟ್ಟದೆ ಹೊರಗಿನಿಂದ ಅನೊಟೇಶನ್ ಹಾಕುವ ವಿಧಾನ) ಆಗಿ ಆ ಮ್ಯಾಪರ್‌ನಲ್ಲಿ ಸೇರಿಸಿ. ಮೂಲ ಕ್ಲಾಸ್‌ನ ಒಂದು ಸಾಲನ್ನೂ ಬದಲಿಸಬೇಕಾಗಿಲ್ಲ.