ರೋಮಿಂಗ್ ಇಲ್ಲದೆ ವಿದೇಶದಲ್ಲಿ ಫೋನ್ ದಾರಿ ತೋರಿಸುತ್ತಾ?

ಹುಬ್ಬಳ್ಳಿಯಿಂದ ಅಪ್ಪ-ಅಮ್ಮ ಪ್ಯಾರಿಸ್‌ಗೆ ಹೊರಟಿದ್ದಾರೆ, ರೋಮಿಂಗ್ ಹಾಕಿಸಲೇಬೇಕಾ ಎಂದು ಕೇಳಿದ್ದೀರಿ. ದಾರಿ ಹುಡುಕುವುದಕ್ಕಷ್ಟೇ ಆದರೆ ಬೇಕಿಲ್ಲ. ಜಿಪಿಎಸ್‌ಗೆ ನೆಟ್ಟೂ ಬೇಡ, ಸಿಮ್ಮೂ ಬೇಡ. ಫೋನು ಉಪಗ್ರಹಗಳ ಸಿಗ್ನಲ್ ಹಿಡಿದು ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕುತ್ತದೆ. ಡೇಟಾ ಬೇಕಾಗುವುದು ನಕ್ಷೆಗೆ. ಅದನ್ನು ಮನೆಯ ವೈಫೈನಲ್ಲೇ ಇಳಿಸಿಕೊಡಿ.

ಆದರೆ ಗೂಗಲ್ ಮ್ಯಾಪ್ಸ್ ಆಫ್‌ಲೈನ್‌ನಲ್ಲಿ ವಾಹನದ ದಾರಿ ಮಾತ್ರ ಹೇಳುತ್ತದೆ. ನಡೆದು ಹೋಗುವ ದಾರಿ, ಬಸ್ಸು, ಮೆಟ್ರೋ ಹೇಳುವುದಿಲ್ಲ. ನಡೆದು ಹೋಗುವ ವಯಸ್ಸಾದವರನ್ನು ವಾಹನಗಳ ಒನ್‌ವೇ ಲೆಕ್ಕದಲ್ಲಿ ಸುಮ್ನೆ ಸುತ್ತಿಸಿದರೆ ಕಷ್ಟ ಅಲ್ವಾ? ಹಾಗಾಗಿ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ನಕ್ಷೆಯ ಆ್ಯಪ್ ಕೂಡ ಹಾಕಿಕೊಡಿ. ಉಚಿತ, ನೆಟ್ ಇಲ್ಲದೆಯೂ ನಡೆಯುವ ದಾರಿ ತೋರಿಸುತ್ತದೆ. ಹೋಟೆಲಿನ ಜಾಗ ಗುರುತು ಮಾಡಿಡಿ. ಹುಬ್ಬಳ್ಳಿಯ ನಕ್ಷೆಯನ್ನೂ ಇಳಿಸಿ, ಏರೋಪ್ಲೇನ್ ಮೋಡ್ ಹಾಕಿ, ಉಣಕಲ್ ಕೆರೆ ಹತ್ತಿರ ಅವರ ಕೈಯಿಂದಲೇ ಒಮ್ಮೆ ದಾರಿ ಹುಡುಕಿಸಿ.